ಮೊದಲ ಹಿಮಕ್ಕೆ ಎರಡು ಟಿಕೆಟ್

ಚಾಮರಾಜಪೇಟೆ, ಬೆಂಗಳೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಹೇಮಾ,

ಹೇಗಿದ್ದೀಯ? ಮಳೆ ನಿಂತು ಚಳಿ ಶುರುವಾಗುವ ಈ ದಿನಗಳಲ್ಲಿ ನಿನಗೆ ಕೆಮ್ಮು ಹಿಡಿಯುತ್ತದೆ ಎಂದು ನೀನೇ ಹೇಳಿದ್ದೆ. ಮತ್ತಿಕೆರೆಯ ನಿಮ್ಮ ರಸ್ತೆಯಲ್ಲಿ ಹುಡುಗರ ಪಿ.ಜಿ. ಕಟ್ಟುವುದು ಇನ್ನೂ ಮುಗಿದಿರಲಾರದು, ಆ ಸಿಮೆಂಟಿನ ಧೂಳಿನಲ್ಲಿ ಕಿಟಕಿ ತೆರೆದಿಟ್ಟು ಮಲಗಬೇಡ. ಮಾವನವರ ಮಂಡಿನೋವು ಹೇಗಿದೆ? ಅತ್ತೆ ಮೆಟ್ಟಿಲು ಹತ್ತಿ ಇಳಿದು ಆಯಾಸ ಮಾಡಿಕೊಳ್ಳುತ್ತಿಲ್ಲ ತಾನೆ? ಮಾಧವಿಗೆ ಇದು ಪರೀಕ್ಷೆಯ ಕಾಲ, ಅಕ್ಕನ ಗಲಾಟೆಯಲ್ಲಿ ತಂಗಿಯ ಓದು ಹಾಳಾಗದಿರಲಿ. ಇಲ್ಲಿ ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ. ಅಮ್ಮನೂ ಇದ್ದಾಳೆ. ನಾನು ಹೇಗಿದ್ದೇನೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ, ಚೆನ್ನಾಗಿಲ್ಲ.

ಚಾಮರಾಜಪೇಟೆಯಿಂದ ಮತ್ತಿಕೆರೆಗೆ ಗಂಡ ಹೆಂಡತಿಗೆ ಅಂಚೆಯಲ್ಲಿ ಕಾಗದ ಹಾಕಿದ್ದಾನೆಂದರೆ ನಿನಗೆ ನಗು ಬರಬಹುದು. ಬೇರೆ ದಾರಿ ಉಳಿದಿಲ್ಲ. ನನ್ನ ಮೆಸೇಜುಗಳಿಗೆ ದಸರಾ ಕಳೆದಾಗಿನಿಂದ ಒಂದೇ ಟಿಕ್ಕು. ನೀನು ಬ್ಲಾಕ್ ಮಾಡಿದ್ದೀಯ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಅಲ್ಲಿಯವರೆಗೆ ನಿನ್ನ ಫೋನು ಕೆಟ್ಟಿದೆ, ಯಾರಾದರೂ ರಿಪೇರಿಗೆ ಕೊಡಬಾರದೇ ಎಂದು ಯೋಚಿಸುತ್ತಿದ್ದೆ. ಈ ಕಾಗದಕ್ಕೆ ಕವರು ಹುಡುಕುವುದೂ ಒಂದು ಫಜೀತಿಯಾಯಿತು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟವನಿಗೆ ಕವರಿಗೆ ಬರವೇ ಎನ್ನಬೇಡ. ಅಂಗಡಿಯಲ್ಲಿರುವ ಸಾವಿರಾರು ಕವರುಗಳಲ್ಲಿ ಗಣಪತಿ, ಕಳಶ, ಬಾಳೆಕಂಬ ಇಲ್ಲದ್ದು ಒಂದೂ ಇಲ್ಲ. ಅಂಥದ್ದರಲ್ಲಿ ಹಾಕಿ ಕಳಿಸಿದರೆ ಯಾರ ಮನೆ ಮದುವೆ ಎಂದು ಮಾವನವರೇ ಮೊದಲು ಬಿಚ್ಚಿ ಓದುತ್ತಾರೆ. ನಿನ್ನೆ ಅವೆನ್ಯೂ ರಸ್ತೆಗೆ ಹೋಗಿ ಸಾದಾ ಕಂದು ಕವರು ಕೇಳಿದೆ. ಹತ್ತು ವರ್ಷದಿಂದ ನನ್ನನ್ನು ಬಲ್ಲ ಅಂಗಡಿಯವರು, ಏನ್ ಸಾರ್, ನಿಮ್ಮಂಗಡೀಲಿ ಖಾಲಿಯಾಯ್ತಾ ಎಂದು ತಮಾಷೆ ಮಾಡಿದರು. ನಾನೂ ಹೌದು ಎಂದು ಬಂದೆ.

ಈಗ ಸುದ್ದಿಗೆ ಬರುತ್ತೇನೆ. ಡಿಸೆಂಬರ್ ಹತ್ತನೇ ತಾರೀಖು ಬುಧವಾರ ಬೆಳಗಿನ ವಿಮಾನಕ್ಕೆ ಎರಡು ಟಿಕೆಟ್ ತೆಗೆದಿದ್ದೇನೆ, ಒಂದು ನಿನ್ನ ಹೆಸರಿಗೆ, ಒಂದು ನನ್ನ ಹೆಸರಿಗೆ. ದೆಹಲಿಯಲ್ಲಿ ಬದಲಾಯಿಸಿ ಶ್ರೀನಗರ, ಅಲ್ಲಿಂದ ಕಾರಿನಲ್ಲಿ ಗುಲ್ಮಾರ್ಗ್. ಐದು ರಾತ್ರಿ ಅಲ್ಲಿ. ಸೋಮವಾರ ಹದಿನೈದಕ್ಕೆ ವಾಪಸು. ಸ್ಕೀ ಕಲಿಸುವವರೊಬ್ಬರ ಜೊತೆ ಫೋನಿನಲ್ಲಿ ಮೂರು ಸಲ ಮಾತಾಡಿದ್ದೇನೆ, ಇಬ್ಬರಿಗೂ ಸೇರಿ ನಾಲ್ಕು ದಿನದ ಪಾಠ ಎಂದು ಗೊತ್ತುಮಾಡಿದ್ದೇನೆ. ನನ್ನ ಹಿಂದಿ ಅರ್ಥವಾಗದೆ ಅವರು ಪ್ರತಿ ಮಾತನ್ನೂ ಎರಡು ಸಲ ಹೇಳಿಸುತ್ತಾರೆ.

ನಮ್ಮ ಮನೆಯವರು ಹೆಣ್ಣು ನೋಡಲು ಬಂದ ದಿನ ನಿನಗೆ ನೆನಪಿರಲೇಬೇಕು. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ನಿಮ್ಮ ಟೆರೇಸಿಗೆ ಕಳಿಸಿದರು. ಸಂಬಳ, ಅಡುಗೆ, ಕೆಲಸ ಬಿಡಬೇಕೇ ಎಂಬ ಪ್ರಶ್ನೆಗಳಿಗೆ ನಾನು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. ನೀನು ಕೇಳಿದ್ದು ಒಂದೇ. "ಹಿಮದ ಮೇಲೆ ಜಾರೋಕೆ ನನ್ ಜೊತೆ ಬರ್ತೀರಾ?" ಡಿಗ್ರಿ ಎರಡನೇ ವರ್ಷದಲ್ಲಿ ಎನ್‌ಸಿಸಿಯಿಂದ ನಿನ್ನನ್ನು ಹಿಮದ ಕ್ಯಾಂಪಿಗೆ ಆರಿಸಿದ್ದರು, ಕಾಲು ಮುರ್ಕೊಂಡ್ ಬಂದ್ರೆ ನಿನ್ನ ಯಾರು ಮದ್ವೆ ಆಗ್ತಾರೆ ಎಂದು ಮಾವನವರು ಸಹಿ ಹಾಕಲಿಲ್ಲ. ಆ ಕಥೆಯನ್ನು ನೀನು ಸಿಟ್ಟಿಲ್ಲದೆ, ನಗುತ್ತಲೇ ಹೇಳಿದೆ. ಎಲ್ಲಿಗೆ ಕರೆದರೂ ಬರ್ತೀನಿ ಎಂದುಬಿಟ್ಟೆ ನಾನು. ಮೇ ತಿಂಗಳಲ್ಲಿ ಮದುವೆಯಾದಾಗ ಎಲ್ಲರೂ ಊಟಿಗೆ ಹೋಗಿ, ಕೊಡಗಿಗೆ ಹೋಗಿ ಎಂದರು. ನೀನು ಒಪ್ಪಲಿಲ್ಲ. ಡಿಸೆಂಬರಿಗೆ ಹೋಗೋಣ, ಮೊದಲ ಹಿಮ ಬೀಳುವಾಗ ಹೋಗೋಣ, ಬೇರೆಯವರು ತುಳಿಯುವ ಮುಂಚೆ ನಾವು ತುಳಿಯೋಣ ಎಂದೆ. ಹನಿಮೂನಿಗೆ ಏಳು ತಿಂಗಳು ಕಾಯುವ ಜೋಡಿ ಬೆಂಗಳೂರಿನಲ್ಲೇ ನಾವೊಂದೇ ಎಂದು ನಾನು ರೇಗಿಸುತ್ತಿದ್ದೆ. ಯಾರೂ ಇಲ್ಲದಾಗ ನನ್ನನ್ನು ನೀನು ಎನ್ನುತ್ತಿದ್ದೆ, ಅಮ್ಮನ ಮುಂದೆ ನೀವು. ಆ ಎರಡನ್ನೂ ಕೇಳಿ ಈಗ ಬಹಳ ದಿನವಾಯಿತು.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಅಷ್ಟು ಬೇಗ ಹೋದರೆ ಹಿಮ ಇರುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಕಲಿಸುವವರನ್ನು ಕೇಳಿದರೆ, ಒಂದು ವರ್ಷ ಆ ವಾರದಲ್ಲಿ ಮಂಡಿಯವರೆಗೆ ಬಿದ್ದಿತ್ತು, ಒಂದು ವರ್ಷ ಹುಲ್ಲು ಕಾಣುತ್ತಿತ್ತು, ಜನವರಿಗೆ ಬನ್ನಿ ಎಂದರು. ಜನವರಿ ನನಗೂ ಅನುಕೂಲವೇ. ಡಿಸೆಂಬರ್ ಹದಿನಾರಕ್ಕೆ ಧನುರ್ಮಾಸ ಹುಟ್ಟಿದರೆ ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಸುಲ್ತಾನ್‌ಪೇಟೆಯಲ್ಲಿ ನೊಣ ಹೊಡೆಯುವುದೇ ಕೆಲಸ. ಡಿಸೆಂಬರ್ ಹತ್ತು ಎಂದರೆ ಮೈಮೇಲೆ ಕೆಲಸ ಬಿದ್ದಿರುವ ದಿನ. ಆದರೂ ಅದನ್ನೇ ಆರಿಸಿದೆ. ಅನುಕೂಲವಾದ ದಿನ ಬರಲಿ, ಒಳ್ಳೆಯ ದಿನ ಬರಲಿ ಎಂದು ಕಾದು ಕಾದು ನಾನು ನಿನ್ನನ್ನು ಕಳೆದುಕೊಂಡೆ. ಮೊದಲ ಹಿಮ ಎಂದು ನೀನು ಹೇಳಿದ್ದೆ, ಮೊದಲ ಹಿಮಕ್ಕೇ ಹೋಗೋಣ. ಬೀಳದಿದ್ದರೆ ಹುಲ್ಲಿನ ಮೇಲೆ ಕೂತು ಬರೋಣ. ಅಂಗಡಿಯನ್ನು ರೇವಣಸಿದ್ದಯ್ಯನವರು ನೋಡಿಕೊಳ್ಳುತ್ತಾರೆ. ಅಪ್ಪನ ಕಾಲದಿಂದಲೂ ಪ್ರೂಫ್ ತಿದ್ದುವ ಅವರ ಕೈಯಿಂದ ತಪ್ಪು ಹೋಗುವುದಿಲ್ಲ. ಅಮ್ಮನಿಗೂ ಧನುರ್ಮಾಸ ಹುಟ್ಟುವುದರೊಳಗೆ ವಾಪಸು ಬಂದರೆ ಸಮಾಧಾನ. ನೋಡು, ಈಗಲೂ ಅಮ್ಮನ ಸಮಾಧಾನದ ಲೆಕ್ಕ ಹಾಕುತ್ತಿದ್ದೇನೆ. ಹೊಡೆದು ಹಾಕೋಣ ಎನಿಸಿತು ಆ ವಾಕ್ಯವನ್ನು, ಇರಲಿ ಎಂದು ಬಿಟ್ಟಿದ್ದೇನೆ.

ಸ್ಕೀ ಬಾಡಿಗೆಗೆ ಕೊಡುವವರು ಒಂದು ಫಾರಂ ಕಳಿಸಿದ್ದಾರೆ. ನನ್ನ ಹಾಳೆ ಐದು ನಿಮಿಷದಲ್ಲಿ ತುಂಬಿದೆ. ನಿನ್ನದು ಮೂರು ದಿನದಿಂದ ಮೇಜಿನ ಮೇಲೆ ಇದೆ. ಎತ್ತರ ಎಂದು ಕೇಳಿದ್ದಾರೆ, ನನ್ನ ಕಿವಿಯವರೆಗೆ ಬರುತ್ತೀಯ ಎಂದಷ್ಟೇ ನನಗೆ ಗೊತ್ತು. ಕಾಲಿನ ಅಳತೆಗೆ ನೀನು ಬಿಟ್ಟು ಹೋದ ಚಪ್ಪಲಿ ತಿರುಗಿಸಿ ನೋಡಿದೆ, ನಂಬರು ಸವೆದು ಹೋಗಿದೆ. ಕೊನೆಗೆ ಅದನ್ನು ಒಂದು ಕಾರ್ಡಿನ ರಟ್ಟಿನ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಚಪ್ಪಲಿ ಅಂಗಡಿಗೆ ಹೋದೆ, ಅವರಿಗೂ ಖಚಿತವಾಗಿ ಹೇಳಲಾಗಲಿಲ್ಲ. ತೂಕವನ್ನು ಸರಿಯಾಗಿ ಹೇಳಲೇಬೇಕಂತೆ. ಬಿದ್ದಾಗ ಬೂಟು ಸ್ಕೀ ಹಲಗೆಯಿಂದ ತಾನಾಗಿ ಕಳಚಿಕೊಳ್ಳಬೇಕು, ಅದನ್ನು ತೂಕ ನೋಡಿ ಬಿಗಿ ಮಾಡುತ್ತಾರೆ, ತಪ್ಪು ಹೇಳಿದರೆ ಕಾಲು ಮುರಿಯುತ್ತದೆ ಎಂದರು. ನಿನ್ನ ತೂಕ ನನಗೆ ಗೊತ್ತಿಲ್ಲ ಹೇಮಾ. ಬಳೆಯ ಅಳತೆ ಗೊತ್ತಿದೆ, ಮದುವೆ ಜವಳಿಗೆ ಹೋದಾಗ ಬರೆದುಕೊಂಡಿದ್ದೆ. ಕಾಫಿಗೆ ಸಕ್ಕರೆ ಎಷ್ಟು ಎಂದು ಗೊತ್ತಿದೆ. ಆರು ವಾರ ಒಂದೇ ಮನೆಯಲ್ಲಿ ಇದ್ದು ನಾನು ತಿಳಿದುಕೊಂಡದ್ದು ಇಷ್ಟು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂದು ಒಂದು ಜಾಗ ಇದೆ. ನನ್ನ ಹಾಳೆಯಲ್ಲಿ ಹೆಂಡತಿ ಎಂದು ಬರೆದು ನಿನ್ನ ನಂಬರು ಹಾಕಿದ್ದೇನೆ. ಅವರು ಫೋನು ಮಾಡಿದರೆ ನೀನು ಎತ್ತುತ್ತೀಯ, ಅವರ ನಂಬರನ್ನು ನೀನು ಬ್ಲಾಕ್ ಮಾಡಿಲ್ಲವಲ್ಲ.

ಕಾಲು ಗಟ್ಟಿಯಾಗಬೇಕು ಎಂದು ದಿನಾ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವ ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ದಿನ ಅಜ್ಜಿ ನೋಡಿ, "ಯಾಕ್ಲಾ ಮಗಾ, ಯಾವ್ ಮೇಷ್ಟ್ರು ಶಿಕ್ಷೆ ಕೊಟ್ಟವ್ರೆ?" ಎಂದು ಕೇಳಿದಳು. ವಿಷಯ ಹೇಳಿದೆ. ಹಲಗೆ ಕಟ್ಟಿಕೊಂಡು ಮಂಜಿನ ಮೇಲೆ ಜಾರುತ್ತಾರೆ ಎಂದರೆ ನಮ್ಮಜ್ಜಿ ಪಿಳ್ಳಮ್ಮನವರಿಗೆ ನಂಬಿಕೆಯೇ ಬರಲಿಲ್ಲ. ಫೋನಿನಲ್ಲಿ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದಳು. "ಹೇಮಾ ಬತ್ತಾಳಾ?" ಎಂದಳು. ಕೇಳಿಲ್ಲ ಅಜ್ಜಿ, ಕಾಗದ ಬರೀತೀನಿ ಎಂದೆ. "ಕೇಳ್ದೆ ಟಿಕೀಟ್ ತಗಂಡ್ಯಾ? ನಿಮ್ ತಾತನೂ ಹಂಗೇಯ, ನನ್ ಕೇಳ್ದೆ ಎಮ್ಮೆ ತಂದು ಕಟ್ಟಿದ್ದ" ಎಂದು ಎದ್ದು ಹೋದಳು. ಲಾಲ್‌ಬಾಗಿನ ಬಂಡೆಯ ಮೇಲೂ ಹೋಗಿ ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆ ಇಡುವುದನ್ನು ಕಲಿಯುತ್ತಿದ್ದೇನೆ. ಎರಡೂ ಪಾದದ ಮುಂದಿನ ತುದಿ ಹತ್ತಿರ, ಹಿಮ್ಮಡಿ ದೂರ, ಮಂಡಿ ಬಗ್ಗಿಸಿ, ಹಾಗೆ ನಿಂತರೆ ವೇಗ ಕಡಿಮೆಯಾಗುತ್ತದಂತೆ. ವಾಕಿಂಗ್ ಬಂದ ಹಿರಿಯರೊಬ್ಬರು ಬಂದು, ಸಯಾಟಿಕಾ ಇದ್ರೆ ಬೆಟ್ಟ ಹತ್ತಬಾರದು ಕಣಪ್ಪ ಎಂದು ಬುದ್ಧಿ ಹೇಳಿದರು. ನೀನಿದ್ದಿದ್ದರೆ ಅಲ್ಲೇ ಕೂತು ಹೊಟ್ಟೆ ಹಿಡಿದು ನಗುತ್ತಿದ್ದೆ. ನಾನು ಬಂಡೆಯಿಂದ ಇಳಿದು ಬಂದು ಗಾಡಿ ಸ್ಟಾರ್ಟ್ ಮಾಡುವ ಹೊತ್ತಿಗೆ ಕಣ್ಣು ತುಂಬಿತ್ತು. ನಿನಗೆ ಬರೆಯುವಾಗ ಸುಳ್ಳೇಕೆ, ಹೆಲ್ಮೆಟ್ ಹಾಕಿಕೊಂಡು ಅತ್ತೆ.

ಅಂಗಡಿಯಲ್ಲಿ ಹೋದ ವಾರ ಒಂದು ಘಟನೆ ನಡೆಯಿತು. ದೇವನಹಳ್ಳಿ ಕಡೆಯ ತಾಯಿ ಮಗಳು ಕಾರ್ಡು ಆರಿಸಲು ಬಂದಿದ್ದರು. ಸ್ಯಾಂಪಲ್ ಆಲ್ಬಮ್ಮು ತಿರುಗಿಸುತ್ತಾ ನಮ್ಮ ಮದುವೆಯ ಪತ್ರಿಕೆಯ ಮೇಲೆ ಕೈಯಿಟ್ಟರು. ನೀನೇ ಆರಿಸಿದ್ದೆಯಲ್ಲ, ಬಂಗಾರದ ಅಂಚಿಲ್ಲದ, ತಿಳಿ ಹಸಿರಿನ ಸಾದಾ ಕಾರ್ಡು. ಚಿ. ಅನಿಲ್ ಕುಮಾರ್, ಚಿ.ಸೌ. ಹೇಮಶ್ರೀ ಎಂದು ಆ ತಾಯಿ ಬೆರಳಿಟ್ಟು ಓದಿದರು. ನಮ್ಮ ಕಡೆ ಜನ ಹಾಗೇ, ಬೇರೆಯವರ ಕಾರ್ಡಿನ ಮಾದರಿ ಹಿಡಿಯುವ ಮೊದಲು ಅವರ ಸಂಸಾರದ ವಿಚಾರ ಕೇಳುತ್ತಾರೆ, ನಡೆಯದ ಸಂಸಾರದ ಕಾರ್ಡು ಮುಟ್ಟುವುದಿಲ್ಲ. "ಈ ಹೆಣ್ಣು ಗಂಡು ಚೆನ್ನಾಗವ್ರಾ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ರೇವಣಸಿದ್ದಯ್ಯನವರು, "ಬಾಳ ಚೆನ್ನಾಗಿದಾರಮ್ಮ, ಧೈರ್ಯವಾಗಿ ಹಾಕ್ಸಿ" ಎಂದರು. ಐನೂರು ಕಾರ್ಡು ಹೇಳಿ ಹೋದರು. ನಾನು ಆ ಪುಟವನ್ನು ಆಲ್ಬಮ್ಮಿನಿಂದ ತೆಗೆಯಲು ಹೋದರೆ ರೇವಣಸಿದ್ದಯ್ಯನವರು ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಗಿರಾಕಿಗೆ ಒಂದೂ ಸುಳ್ಳು ಹೇಳದ ಮನುಷ್ಯ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಆ ಹುಡುಗಿಯ ಮದುವೆ ಡಿಸೆಂಬರ್ ಏಳಕ್ಕೆ. ನಮ್ಮಿಬ್ಬರ ಹಣೆಬರಹ ಅವಳಿಗೆ ತಟ್ಟದಿರಲಿ ಎಂದು ಮೊದಲ ಕಾರ್ಡಿಗೆ ಅರಿಶಿನ ಹಚ್ಚುವಾಗ ಬೇಡಿಕೊಂಡೆ.

ಬೇಡ ಬೇಡ ಎಂದುಕೊಂಡೇ ಆಷಾಢದ ಮಾತಿಗೆ ಬಂದಿದ್ದೇನೆ. ಹೊಸ ಸೊಸೆ ಅತ್ತೆ ಒಂದೇ ಹೊಸ್ತಿಲು ದಾಟಬಾರದು, ತಿಂಗಳು ತವರಿಗೆ ಹೋಗಿ ಬರಲಿ ಎಂದು ಅಮ್ಮ ಹೇಳಿದಾಗ ನೀನು ಜಗಳವಾಡಲಿಲ್ಲ. "ಆಷಾಢ ಅಂದ್ರೆ ಸೀರೆಗೆ ಡಿಸ್ಕೌಂಟು, ಸೊಸೇಗೆ ಗೇಟ್‌ಪಾಸು" ಎಂದು ನಗುತ್ತಲೇ ಬಟ್ಟೆ ತುಂಬಿಕೊಂಡೆ. ನಾನು ವಾರಕ್ಕೊಂದು ಸಲ ಬಂದು ನೋಡುತ್ತೇನೆ ಎಂದಿದ್ದೆ. ಬರಲಿಲ್ಲ. ಅಳಿಯನೂ ಆ ತಿಂಗಳು ಮಾವನ ಮನೆ ಮೆಟ್ಟಬಾರದು ಎಂದು ಅಮ್ಮ ಹೇಳಿದಳು. ಮಲ್ಲೇಶ್ವರದ ಯಾವುದಾದರೂ ಹೋಟೆಲಿನಲ್ಲಿ ಸಿಗೋಣ, ನಾನು ಕೆಲಸ ಮಾಡುವ ಕಾಲೇಜಿನ ಹತ್ತಿರವೇ ಬಾ ಎಂದು ನೀನು ಕರೆದೆ. ಯಾರಾದರೂ ನೋಡಿ ಅಮ್ಮನಿಗೆ ಹೇಳಿಯಾರು ಎಂದು ಅದಕ್ಕೂ ನಾನು ನೆಪ ಹುಡುಕಿದೆ. ಒಂದು ತಿಂಗಳು ತಾನೆ ಎನ್ನುತ್ತಿದ್ದೆ. ಆಷಾಢ ಮುಗಿಯಲು ಇನ್ನೊಂದು ದಿನ ಇದೆ ಎನ್ನುವ ಸಂಜೆ ಫೋನಿನಲ್ಲಿ ನೀನು ಗಟ್ಟಿಯಾಗಿ ಮಾತಾಡಿದೆ. "ನಿಂಗೆ ಧೈರ್ಯಾನೇ ಇಲ್ಲ ಅನಿಲ್. ಮದ್ವೆ ಆಗಿದ್ದು ನನ್ನನ್ನಾ, ಪಂಚಾಂಗಾನಾ?" ಎಂದು ಕೇಳಿ ಫೋನಿಟ್ಟೆ.

ಮರುದಿನ ಭೀಮನ ಅಮಾವಾಸ್ಯೆ. ಮದುವೆಯಾದ ಮೊದಲ ವರ್ಷ ಹೆಂಡತಿ ಗಂಡನ ಪಾದಪೂಜೆ ಮಾಡಲೇಬೇಕಾದ ದಿನ, ಆದರೆ ಆಷಾಢ ಇನ್ನೂ ಮುಗಿಯದ ದಿನ. ಇಂಥ ಶಾಸ್ತ್ರ ಮಾಡಿಟ್ಟವರು ಯಾರೋ, ಹೆಂಡತಿ ಇರಬಾರದು, ಪೂಜೆ ಆಗಬೇಕು. ನೀನು ಕಾಲೇಜಿಗೆ ರಜೆ ಹಾಕಿ, ತಂಬಿಟ್ಟಿನ ದೀಪ, ಅರಿಶಿನದ ದಾರ, ಹೂವು ಎಲ್ಲವನ್ನೂ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮತ್ತಿಕೆರೆಯಿಂದ ಆಟೋದಲ್ಲಿ ಬಂದೆ. ಅಮ್ಮ ಬಾಗಿಲಲ್ಲೇ, ಇವತ್ತೊಂದಿನ ಹೊಸ್ತಿಲು ದಾಟ್ಬೇಡಮ್ಮ ಎಂದಳು. ಸರಿ, ಇವರನ್ನೇ ಹೊರಗೆ ಕರೀರಿ, ಮೆಟ್ಟಿಲ ಮೇಲೇ ಪೂಜೆ ಮಾಡಿ ಹೋಗ್ತೀನಿ ಎಂದೆ ನೀನು. ಮಗ ಮನೇಲಿಲ್ಲ, ಅಂಗಡಿಗೆ ಹೋಗವ್ನೆ ಎಂದಳು ಅಮ್ಮ. ನೀನು ಫೋನು ಮಾಡಿದೆ. ಪ್ರೆಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಎಂದು ನಾನು ಆಮೇಲೆ ಹೇಳಿದ್ದೇನೆ. ಜಿಟಿಜಿಟಿ ಮಳೆಯಲ್ಲಿ ನೀನು ಗೇಟಿನ ಹೊರಗೆ ನಿಂತೆ. ಎದುರು ಮನೆ ಕಾವೇರಮ್ಮ ಕರೆದು ತಮ್ಮ ಜಗಲಿಯಲ್ಲಿ ಕೂರಿಸಿದರು. ಒಂದು ಗಂಟೆ ಕಾದು ಡಬ್ಬಿಯನ್ನು ಅವರ ಕೈಗೆ ಕೊಟ್ಟು ಹೊರಟುಹೋದೆ. ಸಂಜೆ ಕಾವೇರಮ್ಮ ಅದನ್ನು ತಂದು ಅಮ್ಮನ ಕೈಗೆ ಕೊಟ್ಟು, "ಹೆಣ್ ಮಗೀನ ಬೀದೀಲಿ ನಿಲ್ಲಿಸಬಾರದಿತ್ತು ಕಣ್ರೀ" ಎಂದರು. ಅಂದಿನಿಂದ ಅವರು ಅಮ್ಮನ ಜೊತೆ ಮಾತು ಬಿಟ್ಟಿದ್ದಾರೆ.

ಆಮೇಲಿನದು ನಿನಗೂ ಗೊತ್ತು. ಶ್ರಾವಣ ಹುಟ್ಟಿತು. ನಮ್ಮ ಹುಡುಗಿಯನ್ನು ಬೀದಿಯಲ್ಲಿ ನಿಲ್ಲಿಸಿದವರೇ ಬಂದು ಕರೆದುಕೊಂಡು ಹೋಗಲಿ ಎಂದರು ನಿಮ್ಮವರು. ಆಷಾಢದಲ್ಲಿ ತಾನಾಗಿ ಬಂದವಳು ಶ್ರಾವಣದಲ್ಲಿ ಬರಲಾರಳೇ ಎಂದರು ನಮ್ಮ ನೆಂಟರು. ನಾನು ಒಂದು ಸಲ ಮತ್ತಿಕೆರೆಗೆ ಬಂದೆ. ಹೇಮಾ ಕಾಲೇಜಿಗೆ ಹೋಗಿದಾಳೆ ಎಂದು ಮಾವನವರು ಗೇಟಿನಲ್ಲೇ ಹೇಳಿದರು. ಅದು ಭಾನುವಾರ. ನೀನು ಒಳಗಿದ್ದೀಯೇನು ಎಂದು ಕೇಳುವ ಮುಖ ನನಗಿರಲಿಲ್ಲ. ವರಮಹಾಲಕ್ಷ್ಮಿ ಹೋಯಿತು, ಗೌರಿ ಹಬ್ಬ ಹೋಯಿತು, ಪಿತೃಪಕ್ಷದಲ್ಲಿ ಇಂಥ ಮಾತು ಬೇಡ ಎಂದರು. ದಸರಾ ಮುಗಿದ ಮೇಲೆ ನಿನ್ನ ಸೋದರಮಾವ ದೊಡ್ಡಬೈರಪ್ಪನವರು ಎರಡೂ ಕಡೆಯವರನ್ನು ನಿಮ್ಮ ಮನೆಯ ಹಾಲ್‌ನಲ್ಲಿ ಕೂರಿಸಿದರು. ಆವತ್ತು ನಾನು ಎದ್ದು ನಿಂತು ಎಲ್ಲರೆದುರಿಗೆ ಅಮ್ಮನನ್ನು ಕೇಳಿದೆ, "ಯಾಕಮ್ಮಾ ಅವಳನ್ನ ವಾಪಸ್ ಕಳ್ಸಿದೆ? ನನ್ ಸಂಸಾರ ಹಾಳ್ ಮಾಡ್ದೆಯಲ್ಲಾ?" ಎಂದು. ಅಮ್ಮ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಾ ಕೂತಳು. ನಿನಗೆ ನನ್ನ ಮೇಲೆ ಆವತ್ತು ಸ್ವಲ್ಪ ಕನಿಕರ ಬಂದ ಹಾಗೆ ಕಂಡಿತು. ಆದರೂ, "ನಾನು ಮದ್ವೆ ಆಗಿದ್ದು ಅವರನ್ನಲ್ಲ, ನಿಮ್ಮನ್ನ. ಸಂಜೆ ಗೊತ್ತಾಯ್ತಲ್ಲ, ಆವತ್ತೇ ಯಾಕೆ ಬರಲಿಲ್ಲ?" ಎಂದು ನೀನು ಕೇಳಿದೆ.

ಮೊನ್ನೆ ದೊಡ್ಡಬೈರಪ್ಪನವರು ಅಂಗಡಿಗೇ ಬಂದಿದ್ದರು. ಕೋಪದಿಂದ ಬಂದಿದ್ದರೆ ತಡೆದುಕೊಳ್ಳಬಹುದಿತ್ತು, ಬಹಳ ಮೆತ್ತಗೆ ಮಾತಾಡಿದರು. "ಮದ್ವೆ ಆಗಿ ಒಂದ್ ವರ್ಷ ಆಗ್ಬೇಕಂತೆ ಅನಿಲ್, ಆಮೇಲೆ ಇಬ್ರೂ ಒಪ್ಕೊಂಡು ಸೈನ್ ಹಾಕಿದ್ರೆ ಮುಗೀತಂತೆ. ಇಬ್ರೂ ಚಿಕ್ಕೋರು, ಯಾಕ್ ಸುಮ್ನೆ" ಎಂದರು. ಮೇಜಿನ ಮೇಲೆ ಯಾರದೋ ಆರತಕ್ಷತೆಯ ಪ್ರೂಫು ಬಿದ್ದಿತ್ತು, ಅದನ್ನು ಸರಿಸಿ ಅವರಿಗೆ ಕಾಫಿ ತರಿಸಿದೆ. ಇದು ನಿನ್ನ ಮಾತೋ, ಹಿರಿಯರ ಮಾತೋ ಎಂದು ಕೇಳಿದೆ. ಹೇಮಾ ಏನೂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ ಎಂದರು. ಅದೇ ನನ್ನನ್ನು ಕೊಲ್ಲುತ್ತಿದೆ. ಮೇ ತಿಂಗಳಿಗೆ ಇನ್ನೆಷ್ಟು ದಿನ. ಅಂಗಡಿಯಲ್ಲಿ ದಿನಕ್ಕೆ ಹತ್ತು ಮದುವೆಗಳ ಹೆಸರು ಓದುತ್ತೇನೆ, ಊಟಕ್ಕೆ ಕೂತರೆ ಅಮ್ಮ ಬಡಿಸಿ ಒಳಗೆ ಹೋಗುತ್ತಾಳೆ, ನಾವಿಬ್ಬರೂ ಮಾತಾಡುವುದು ಗ್ಯಾಸು ಮುಗಿದಾಗ ಮಾತ್ರ. "ಅವಳ್ ಮ್ಯಾಲ್ಯಾಕ್ ಎಗರಾಡ್ತೀಯಾ?" ಎಂದು ಅಜ್ಜಿ ಬೈಯುತ್ತಾಳೆ. ಬೆಳಿಗ್ಗೆ ಎದ್ದರೆ ಇನ್ನೊಂದು ದಿನ ಕಳೆಯಬೇಕಲ್ಲ ಎನಿಸುತ್ತದೆ. ಗುಲ್ಮಾರ್ಗಿನ ಹವಾಮಾನ ನೋಡುವುದೊಂದೇ ಸದ್ಯಕ್ಕೆ ನಾನು ಮನಸ್ಸಿಟ್ಟು ಮಾಡುವ ಕೆಲಸ. ಇವತ್ತಿಗೂ ಅಲ್ಲಿ ಬಿಸಿಲು.

ಬರುತ್ತೀಯಾ ಹೇಮಾ? ಬಂದರೆ ಎಲ್ಲಾ ಸರಿಯಾಗುತ್ತದೆ ಎಂದು ಹೇಳುವಷ್ಟು ನಂಬಿಕೆ ನನಗಿಲ್ಲ. ಸರಿಯಾಗದು ಎಂದೇ ಹೆಚ್ಚು ಸಲ ಅನಿಸುತ್ತದೆ. ಆದರೂ ಆ ಟೆರೇಸಿನಲ್ಲಿ ಕೊಟ್ಟ ಒಂದು ಮಾತನ್ನಾದರೂ ಉಳಿಸಿಕೊಳ್ಳೋಣ ಎಂದು ಆಸೆ. ಒಂದೇ ಕೋಣೆ ಬೇಡವೆಂದರೆ ಎರಡು ತೆಗೆಯುತ್ತೇನೆ. ದಾರಿಯುದ್ದಕ್ಕೂ ಮಾತಾಡಬೇಡ ಎಂದರೆ ಆಡುವುದಿಲ್ಲ. ನಿನ್ನ ಎತ್ತರ, ತೂಕ, ಕಾಲಿನ ಅಳತೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ ಸಾಕು, ಬರುತ್ತೀಯ ಎಂದು ತಿಳಿದುಕೊಳ್ಳುತ್ತೇನೆ. ಹದಿನೈದು ದಿನ ಕಾಯುತ್ತೇನೆ. ಏನೂ ಬರದಿದ್ದರೆ ಅದೂ ಉತ್ತರವೇ.

ಮಾವನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು, ತಿಳಿಸುವ ಮನಸ್ಸಿದ್ದರೆ. ಮಾಧವಿ ಚೆನ್ನಾಗಿ ಬರೆಯಲಿ. ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕಾಲು ಜೋಪಾನ ಅಂತ ಹೇಳು ಎಂದಳು. ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನವನೇ ಎಂದು ಬರೆಯಲು ಇನ್ನೂ ಹಕ್ಕಿದ್ದರೆ,
ನಿನ್ನ
ಅನಿಲ್

ಮ. ವಿ.: ಕವರು ಅಂಟಿಸಿ ಆಗಿತ್ತು, ಕಿತ್ತು ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ಸರಿಯಿಲ್ಲದಿದ್ದರೆ ಕ್ಷಮಿಸು. ಭೀಮನ ಅಮಾವಾಸ್ಯೆಯ ದಿನ ನಾನು ಅಂಗಡಿಯಲ್ಲಿ ಇರಲಿಲ್ಲ. ಮನೆಯಲ್ಲೇ ಇದ್ದೆ, ಮಹಡಿಯ ಮೇಲೆ. ನಿನ್ನ ಆಟೋ ನಿಂತದ್ದು ಕೇಳಿಸಿತು, ಕಿಟಕಿಯಿಂದ ನಿನ್ನನ್ನು ನೋಡಿದೆ. ಹೊಸ್ತಿಲು ದಾಟಬೇಡ ಎಂದದ್ದು ಅಮ್ಮ, ಅದು ನಿಜ. ಆದರೆ ಆಮೇಲೆ ಅವಳು ಮೆಟ್ಟಿಲು ಹತ್ತಿ ಬಂದು, "ಹೇಮಾ ಬಂದವ್ಳೆ, ಪಾಪ, ನೆನೀತಾ ನಿಂತವ್ಳೆ. ನೀನೇ ಹೊರಕ್ಕೋಗಿ ಪೂಜೆ ಮಾಡಿಸ್ಕೊಂಡ್ ಬಾ" ಎಂದಳು. ಧೈರ್ಯ ಇಲ್ಲ ಎಂದು ನೀನು ಹಿಂದಿನ ಸಂಜೆ ಅಂದಿದ್ದೆಯಲ್ಲ, ಆ ಸಿಟ್ಟು ನನಗೆ ಇಳಿದಿರಲಿಲ್ಲ. ಸ್ವಲ್ಪ ಹೊತ್ತು ನಿಲ್ಲಲಿ, ಗೊತ್ತಾಗಲಿ ಅನಿಸಿತು. ಇಲ್ಲ ಅಂತ ಹೇಳಮ್ಮ ಎಂದೆ. ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಅದನ್ನೇ ಹೇಳಿದೆ. ನೀನು ಮಾಡಿದ ಫೋನು ನನ್ನ ಕೈಯಲ್ಲೇ ಬಡಿದುಕೊಳ್ಳುತ್ತಿತ್ತು. ನೀನು ಹೊರಟಾಗ ಓಡಿ ಬರಬೇಕೆಂದು ಎದ್ದೆ, ಇಷ್ಟು ಹೊತ್ತು ಎಲ್ಲಿದ್ದೆ ಎಂದರೆ ಏನು ಹೇಳಲಿ ಎಂದು ಮತ್ತೆ ಕೂತೆ. ಅಮ್ಮ ಇದನ್ನು ಯಾರಿಗೂ ಹೇಳಿಲ್ಲ, ನಿಮ್ಮ ಹಾಲ್‌ನಲ್ಲಿ ನಾನು ಅವಳ ಮೇಲೆ ಕೂಗಾಡಿದಾಗಲೂ ಹೇಳಲಿಲ್ಲ. ಇನ್ನು ಮೇಲೆ ಅವಳನ್ನು ಬೈಯಬೇಡ, ಕಾವೇರಮ್ಮನವರಿಗೂ ನಾಳೆ ನಾನೇ ಹೋಗಿ ಹೇಳುತ್ತೇನೆ. ಇದನ್ನು ನಿನಗೆ ಗುಲ್ಮಾರ್ಗಿನಲ್ಲಿ ಹೇಳೋಣ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದರೆ ನೀನು ಎದ್ದು ಹೋಗುವುದಕ್ಕೆ ಆಗುತ್ತಿರಲಿಲ್ಲ. ಅದು ಗೊತ್ತಾಗಿಯೇ ಇಲ್ಲಿ ಬರೆದೆ, ನೀನು ನಿನ್ನ ಮನೆಯಲ್ಲಿ ಇರುವಾಗಲೇ ಓದಬೇಕು ಎಂದು.